ಮಹಾದ ತೂಕ

ನಾನು ಚಿಕ್ಕವಳಿದ್ದಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುತ್ತಿದ್ದೆ. ದೋಹಾದಲ್ಲಿ ನಮ್ಮ ಮನೆ ನಾಲ್ಕನೆಯ ಮಹಡಿಯಲ್ಲಿತ್ತು, ಮೆಟ್ಟಿಲುಗಳು ಎಪ್ಪತ್ತೆರಡು. ತಾರಸಿಯ ಮೇಲೆ ನಿಂತರೆ ದೂರದಲ್ಲಿ ವೆಸ್ಟ್ ಬೇ ಕಾಣುತ್ತಿತ್ತು. ಅಲ್ಲಿ ಏಳುತ್ತಿದ್ದ ಕಟ್ಟಡಗಳ ನೆತ್ತಿಯ ಮೇಲಿನ ಕ್ರೇನ್‌ಗಳನ್ನು ಪ್ರತಿ ಶುಕ್ರವಾರ ಬೆಳಿಗ್ಗೆ ಎಣಿಸಿ, ತಾರೀಖು ಹಾಕಿ, ನೀಲಿ ರಟ್ಟಿನ ಒಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಸ್ಕೇಲಿನಲ್ಲಿ ಗೆರೆ ಎಳೆದು ಕಾಲಂ ಮಾಡುತ್ತಿದ್ದೆ. ಕ್ರೇನ್‌ಗೆ ಒಂದು, ಕರೆಂಟ್ ಹೋದ ದಿನಗಳಿಗೆ ಒಂದು, ಅಮ್ಮ ಮೀನು ಸಾರು ಮಾಡಿದ ದಿನಗಳಿಗೆ ಒಂದು.

“ಇವಳ ಮದುವೆಯ ದಿನ ಇವಳು ಮದುಮಗನನ್ನು ನೋಡುದಿಲ್ಲ, ಹಂದರದ ಕುರ್ಚಿ ಲೆಕ್ಕ ಮಾಡ್ತಾಳೆ” ಎಂದು ಅಕ್ಕ ನಗುತ್ತಿದ್ದಳು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳು ಎಷ್ಟು ಸಲ ನಕ್ಕಳು ಎನ್ನುವುದಕ್ಕೂ ಪುಸ್ತಕದಲ್ಲಿ ಒಂದು ಕಾಲಂ ಇತ್ತು.

ಅಪ್ಪ ಬೇಟೆ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಗಿಡುಗಗಳ ತಲೆಗೆ ಹಾಕುವ ಚರ್ಮದ ಟೊಪ್ಪಿಗಳು, ಮರಳುಗಾಡಿನ ಡೇರೆಗಳು, ದುರ್ಬೀನುಗಳು, ಒಳಗೆ ಎರಡು ಬೀಗ ಹಾಕಿದ ಕೋಣೆಯಲ್ಲಿ ರೈಫಲ್‌ಗಳು. ಸಂಜೆ ಅಪ್ಪ ಮನೆಗೆ ಬಂದರೆ ಅವರ ಅಂಗಿಯಿಂದ ಕೋವಿ ಒರೆಸುವ ಎಣ್ಣೆ ಮತ್ತು ಏಲಕ್ಕಿ ಕಾಫಿಯ ವಾಸನೆ ಒಟ್ಟಿಗೆ ಬರುತ್ತಿತ್ತು. ಅಪ್ಪ ಸ್ವತಃ ಒಂದು ಗುಂಡನ್ನೂ ಹಾರಿಸಿದವರಲ್ಲ. ಅಲ್ಲಿ ನಮ್ಮಂಥ ಹೊರದೇಶದವರಿಗೆ ಕೋವಿ ಹಾರಿಸುವ ಅನುಮತಿ ಸಿಗುತ್ತಿರಲಿಲ್ಲ. ಆದರೆ ಯಾವ ಪ್ರಾಣಿಗೆ ಯಾವ ರೈಫಲ್, ಎಷ್ಟು ಭಾರದ ಗುಂಡು ಎಂದು ಕೇಳಬೇಕಾದಾಗ ಗಿರಾಕಿಗಳು ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅದನ್ನು ಅಪ್ಪ ನನಗೂ ಹೇಳಿಕೊಟ್ಟಿದ್ದರು. ಒಂದು ದಿನ ಊಟದ ಮೇಜಿನ ಮೇಲೆ ಒಂದು ಹೆಸರುಕಾಳು, ಒಂದು ಕಡಲೆ ಇಟ್ಟರು. “ನಳಿಗೆಯ ತೂತು ಎಷ್ಟು ಅಗಲ ಉಂಟೋ ಅದು ಕ್ಯಾಲಿಬರ್. ಸಣ್ಣ ತೂತಿಗೆ ಹೆಸರುಕಾಳು, ದೊಡ್ಡ ತೂತಿಗೆ ಕಡಲೆ. ಗುಂಡಿನ ಭಾರವನ್ನು ಗ್ರೇನ್ ಅಂತ ಒಂದು ಅಳತೆಯಲ್ಲಿ ಹೇಳ್ತಾರೆ. ಹದಿನೈದು ಗ್ರೇನ್ ಸೇರಿದ್ರೆ ಹೆಚ್ಚುಕಡಿಮೆ ಒಂದು ಗ್ರಾಮ್. ಬರಿಂಕಕ್ಕೆ ಕಡಲೆ ಹೊಡೆದ್ರೆ ಬರಿಂಕವೇ ಉಳಿಯುದಿಲ್ಲ. ಕಡವೆಗೆ ಹೆಸರುಕಾಳು ಹೊಡೆದ್ರೆ ಕಡವೆ ಬೀಳುದಿಲ್ಲ, ನೋವು ಹೊತ್ತುಕೊಂಡು ಓಡ್ತದೆ. ಎರಡೂ ತಪ್ಪು. ಎರಡನೇದು ದೊಡ್ಡ ತಪ್ಪು.”

ಬರಿಂಕ ಎಂದರೆ ಮೊಲದಷ್ಟೇ ದೊಡ್ಡದಾದ ಪುಟ್ಟ ಜಿಂಕೆ. ಕಡವೆ ಎಂದರೆ ಕುದುರೆಯಂತೆ ಎತ್ತರದ ದೊಡ್ಡ ಜಿಂಕೆ. ಅಪ್ಪ ಹುಟ್ಟಿದ್ದು ಘಟ್ಟದ ಬುಡದಲ್ಲಿ. ಆಫ್ರಿಕಾದ ಪ್ರಾಣಿಗಳನ್ನೂ ಅವರು ಊರಿನ ಪ್ರಾಣಿಗಳ ಹೆಸರಿನಲ್ಲೇ ನೆನಪಿಡುತ್ತಿದ್ದರು. ಬರಿಂಕದಷ್ಟು, ಕಾಡುಹಂದಿಯಷ್ಟು, ಕಡವೆಯಷ್ಟು, ಕಾಟಿಯಷ್ಟು. ಕಾಟಿ ಎಂದರೆ ಕಾಡುಕೋಣ. ಅದರಾಚೆಗೆ ಅವರಿಗೆ ಬೇರೆ ಕೋಷ್ಟಕ ಬೇಕಿರಲಿಲ್ಲ.

ದೊಡ್ಡ ತಪ್ಪು ಎಂದು ಅಪ್ಪ ಸುಮ್ಮನೆ ಹೇಳಿದ್ದಲ್ಲ. ಅವರಿಗೆ ಹತ್ತು ವರ್ಷವಾಗಿದ್ದಾಗ ಅಜ್ಜ ಗೆಣಸಿನ ಗದ್ದೆಗೆ ಬಂದ ಕಾಡುಹಂದಿಗೆ ಹಕ್ಕಿಗೆ ಹೊಡೆಯುವ ಸಣ್ಣ ಚರೆ ಹೊಡೆದರಂತೆ. ಹಂದಿ ಓಡಿತು. ಅಜ್ಜ, ಅಪ್ಪ ಇಬ್ಬರೂ ರಕ್ತದ ಜಾಡು ಹಿಡಿದು ಎರಡು ದಿನ ಹುಡುಕಿದರು. ಸಿಕ್ಕಿದಾಗ ಅದು ತೋಡಿನ ಕೆಸರಿನಲ್ಲಿ ಇನ್ನೂ ಉಸಿರಾಡುತ್ತಿತ್ತಂತೆ. ಅಪ್ಪ ಅದರ ಮುಂದಿನ ಕಥೆಯನ್ನು ಯಾವತ್ತೂ ಹೇಳುತ್ತಿರಲಿಲ್ಲ. ಎದ್ದು ಹೋಗಿ ನೀರು ಕುಡಿಯುತ್ತಿದ್ದರು.

ಅಂಗಡಿಯ ಯಜಮಾನರನ್ನು ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ಅರವತ್ತು ದಾಟಿದ್ದ ಕತಾರಿನವರು. ಜೀವಮಾನವೆಲ್ಲ ಗಿಡುಗ ಹಾರಿಸಿ ಬೇಟೆಯಾಡಿದವರು. ರೈಫಲ್ ಹಿಡಿದು ಆಫ್ರಿಕಾಕ್ಕೆ ಹೋಗುವುದು ಅದೇ ಮೊದಲು. ಗೆಳೆಯರೊಬ್ಬರು ಕರೆದಿದ್ದರು. ಎರಡು ಪ್ರಾಣಿಗಳಿಗೆ ಅನುಮತಿ ಸಿಕ್ಕಿತ್ತು. ಒಂದು, ಗಜಾಲ್ ಎಂದು ಅವರು ಕರೆಯುತ್ತಿದ್ದ ಸಣ್ಣ ಜಿಂಕೆ. ಇನ್ನೊಂದು ಮಹಾ. ಮಹಾ ಎಂದರೆ ಓರಿಕ್ಸ್, ಈಟಿಯಂತೆ ನೆಟ್ಟಗಿನ ಎರಡು ಕೊಂಬಿನ ಪ್ರಾಣಿ. ಕತಾರಿನ ಮಕ್ಕಳಿಗೆಲ್ಲ ಅದು ಗೊತ್ತು. ಅಲ್ಲಿ ವಿಮಾನದ ಬಾಲದ ಮೇಲೂ ಅದರ ಚಿತ್ರ.

ಪ್ರಾಣಿ, ಅದರ ತೂಕ, ರೈಫಲ್, ಗುಂಡಿನ ಭಾರ, ತೋಟೆಗಳ ಸಂಖ್ಯೆ, ಇಷ್ಟನ್ನೂ ಒಂದು ಕಾರ್ಡಿನಲ್ಲಿ ಬರೆದು ತೋಟೆ ಪೆಟ್ಟಿಗೆಯೊಳಗೆ ಇಡುವುದು ಅಪ್ಪನ ಪದ್ಧತಿ. ನನ್ನ ಅಕ್ಷರ ದುಂಡಗಿದೆಯೆಂದು ಆ ಸಲ ಕಾರ್ಡ್ ಬರೆಯುವ ಕೆಲಸ ನನಗೆ ಸಿಕ್ಕಿತು. ಮಹಾದ ತೂಕ ಎಷ್ಟೆಂದು ಅಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು! ಶಾಲೆಯಿಂದ ಝೂಗೆ ಹೋಗಿದ್ದಾಗ ಬೋರ್ಡು ನೋಡಿ ಬರೆದುಕೊಂಡಿದ್ದೆ. ಪುಸ್ತಕ ತಂದು ತೋರಿಸಿದೆ: ಮಹಾ, ಎಪ್ಪತ್ತು ಕಿಲೋ.

“ಹಾಗಾದ್ರೆ ಕಾಡುಹಂದಿಯಷ್ಟು” ಎಂದರು ಅಪ್ಪ. “ಸಣ್ಣ ರೈಫಲ್ ಸಾಕು. ನೂರು ಗ್ರೇನ್.”

ಅರ್ಬಾಬ್ ಕೂಡ ಒಪ್ಪಿದರಂತೆ. ಅವರ ತೋಟದಲ್ಲೇ ಹನ್ನೆರಡು ಮಹಾಗಳಿದ್ದವು. “ಇದು ನನ್ನ ಸಣ್ಣ ಮಗಳು ಬರೆದದ್ದು” ಎಂದು ಅಪ್ಪ ಕಾರ್ಡು ಕೊಟ್ಟಾಗ ಅವರು ಅದನ್ನು ಎರಡು ಸಲ ತಿರುಗಿಸಿ ನೋಡಿ, ನನಗೆಂದು ಒಂದು ಡಬ್ಬ ಖರ್ಜೂರ ಕಳಿಸಿದರು. ಒಟ್ಟು ನಲವತ್ತೊಂದು.

ಈಗ ಆ ದಿನ. ಜೂನ್ ತಿಂಗಳ ಕೊನೆಯ ಗುರುವಾರ. ಶಾಲೆಗೆ ರಜೆ ಶುರುವಾಗಿತ್ತು. ಹೊರಗೆ ಕಿಟಕಿಯ ಗಾಜು ಮುಟ್ಟಿದರೆ ಬೆರಳು ಚುರ್ ಎನ್ನುವಂಥ ಬಿಸಿಲು. ಅಪ್ಪ ಊಟಕ್ಕೆ ಬಂದು, ಮೂರೂವರೆಗೆ ಎಬ್ಬಿಸಲು ಹೇಳಿ ಮಲಗಿದ್ದರು. ಅರ್ಬಾಬ್ ಅದೇ ಸಂಜೆ ಹೊರಡುವವರು. ಆರು ಗಂಟೆಗೆ ರೈಫಲ್ ಮತ್ತು ತೋಟೆ ಪೆಟ್ಟಿಗೆ ವಿಮಾನ ನಿಲ್ದಾಣದ ಪೊಲೀಸರ ಕೈಗೆ ಹೋಗಬೇಕಿತ್ತು.

ಅಕ್ಕ ಹಾಲ್‌ನಲ್ಲಿ ಕಾಲು ಚಾಚಿ ಕುಳಿತು ಅವಳ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದಳು. ದಪ್ಪ ಹೊಳೆಯುವ ಕಾಗದವೆಂದು ಅಪ್ಪ ಅಂಗಡಿಯಿಂದ ಬೇಡದ ಬ್ರೋಷರ್‌ಗಳನ್ನು ತಂದುಕೊಟ್ಟಿದ್ದರು.

“ಏ, ಇಲ್ಲಿ ಬಾ” ಎಂದಳು. “ನಿನ್ನ ಮಹಾ ಎಂತ ತಿಂದು ಇಷ್ಟು ದಪ್ಪ ಆದದ್ದು?”

ಅವಳ ಕೈಯಲ್ಲಿದ್ದದ್ದು ಅರ್ಬಾಬ್ ಹೋಗಲಿದ್ದ ಬೇಟೆ ಜಾಗದ್ದೇ ಬ್ರೋಷರ್. ಅದರ ಫೋಟೋದಲ್ಲಿ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಅವನ ಎದೆಯವರೆಗೆ ಬರುವ ಪ್ರಾಣಿ, ಕಪ್ಪು ಬಿಳುಪು ಮುಖ, ಉದ್ದ ಕೊಂಬು, ಹೋರಿಯಂಥ ಕುತ್ತಿಗೆ. ಕೆಳಗೆ ಓರಿಕ್ಸ್ ಎಂದೇ ಬರೆದಿತ್ತು. ತೂಕ ಇನ್ನೂರ ಇಪ್ಪತ್ತು ಕಿಲೋ.

“ಅಚ್ಚಿನ ತಪ್ಪು” ಎಂದೆ.

“ಫೋಟೋ ಕೂಡಾ ಅಚ್ಚಿನ ತಪ್ಪಾ?”

ಬ್ರೋಷರ್ ಕಸಿದುಕೊಂಡು ಮತ್ತೆ ಓದಿದೆ. ನಾನು ಬರೆದುಕೊಂಡದ್ದು ಅರೇಬಿಯಾದ ಮಹಾ. ಅರ್ಬಾಬ್ ಬೇಟೆಯಾಡಲಿದ್ದದ್ದು ಆಫ್ರಿಕಾದ್ದು. ಕುಲ ಒಂದೇ, ಮೈ ಮೂರು ಪಟ್ಟು. ಅದು ಕಾಡುಹಂದಿಯಷ್ಟಲ್ಲ, ಕಡವೆಯಷ್ಟು. ಅದಕ್ಕೆ ನಾನು ಹೆಸರುಕಾಳು ಬರೆದುಕೊಟ್ಟಿದ್ದೆ.

“ಅಪ್ಪನಿಗೆ ಹೇಳು” ಎಂದಳು ಅಕ್ಕ.

“ಮಲಗಿದ್ದಾರೆ.”

“ಎಬ್ಬಿಸು.”

ಕೋಣೆಯ ಬಾಗಿಲವರೆಗೆ ಹೋದೆ, ವಾಪಸ್ ಬಂದೆ. ಮತ್ತೆ ಹೋದೆ. ಹಾಲ್‌ನ ಸೋಫಾದಿಂದ ಆ ಬಾಗಿಲಿಗೆ ಹದಿಮೂರು ಟೈಲ್ಸ್. ಎ.ಸಿ. ಗುರ್ ಎನ್ನುತ್ತಿತ್ತು, ನಡುನಡುವೆ ಅದು ನಿಂತಾಗ ಅಪ್ಪನ ಗೊರಕೆ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಇಡುವ ಸದ್ದಿಗೂ ಬೆಚ್ಚುತ್ತಿದ್ದೆ. ನೀರು ಕುಡಿದೆ. ಕಿಟಕಿಯಿಂದ ಕೆಳಗೆ ನಿಂತ ಕಾರುಗಳನ್ನು ಎಣಿಸಿದೆ, ಸಂಖ್ಯೆ ಮರೆತುಹೋಯಿತು. ಹಾಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

“ಹೇಳಿದ್ರೆ ಅರ್ಬಾಬ್‌ಗೆ ಸಿಟ್ಟು ಬರ್ತದಾ?” ಎಂದು ಕೇಳಿದೆ.

ಅಕ್ಕ ಕತ್ತರಿ ಕೆಳಗಿಟ್ಟಳು. “ಅಪ್ಪನ ವೀಸಾ ಅವರ ಹೆಸರಲ್ಲಿ. ನಮ್ಮದು ಅಪ್ಪನ ಹೆಸರಲ್ಲಿ. ಅವರು ಖಲಾಸ್ ಅಂದ್ರೆ ನಾವು ನಾಲ್ಕು ಜನವೂ ಖಲಾಸ್.” ಆಮೇಲೆ ನನ್ನ ಮುಖ ನೋಡಿ, “ಆದ್ರೂ ಹೇಳು ಮಾರಾಯ್ತಿ. ಆ ಹಂದಿ ನೆನಪುಂಟಲ್ಲ” ಎಂದಳು.

ಒಂಬತ್ತನೆಯ ಸಲ ಬಾಗಿಲಿಗೆ ಹೋದಾಗ ತಳ್ಳಿದೆ. ಮೂರು ಗಂಟೆಗೆ ಐದು ನಿಮಿಷ ಇತ್ತು.

ಅಪ್ಪ ಎದ್ದು ಕುಳಿತು ಬ್ರೋಷರ್ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. “ಇದು ಕಡವೆ ಅಲ್ವಾ!” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೇಟೆಗೆ ಹೋಗುವ ಅಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡು, ಅದನ್ನು ಬಿಚ್ಚಿ, ಮತ್ತೆ ತಪ್ಪು ಹಾಕಿಕೊಂಡು, ಅರ್ಬಾಬ್‌ಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಆ ಹೊತ್ತಿಗೆ ಊರಿಗೆ ಊರೇ ಮಲಗಿರುತ್ತಿತ್ತು.

“ಪುಸ್ತಕ ತಕೋ ಮಗಾ. ಹೋಗುವಾ.”

“ನಾನಾ?”

“ಬರೆದದ್ದು ನೀನಲ್ವಾ? ಯಲ್ಲಾ, ಹೊರಡು, ಚಪ್ಪಲಿ ಹಾಕು.”

ಅರ್ಬಾಬ್ ಮನೆ ಅಲ್ ರಯ್ಯಾನ್‌ನಲ್ಲಿತ್ತು. ಅಪ್ಪನ ಹಳೆಯ ಕಾರಿನ ಸೀಟು ಬಾಣಲೆಯಂತೆ ಕಾದಿತ್ತು. ತೊಡೆಯ ಕೆಳಗೆ ಪುಸ್ತಕ ಇಟ್ಟುಕೊಂಡು ಕುಳಿತೆ. ದಾರಿಯಲ್ಲಿ ಒಂದಾದ ಮೇಲೊಂದು ರೌಂಡಬೌಟ್. ಎಲ್ಲಿ ನೋಡಿದರೂ ರಸ್ತೆ ಅಗೆದು ಕೆಂಪು ಬಿಳಿ ಡ್ರಮ್ ಇಟ್ಟಿದ್ದರು. ಮೂರನೆಯ ರೌಂಡಬೌಟ್‌ನಲ್ಲಿ ದಾರಿ ಮುಚ್ಚಿ ಬೇರೆ ಕಡೆ ತಿರುಗಿಸಿದರು. ಸುತ್ತಿ ಸುತ್ತಿ ಮತ್ತೆ ಅದೇ ರೌಂಡಬೌಟ್‌ಗೆ ಬಂದೆವು. ಅಪ್ಪ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಿದ್ದರು. ನಾನು ಡ್ಯಾಶ್‌ಬೋರ್ಡಿನ ಗಡಿಯಾರ ನೋಡುತ್ತಿದ್ದೆ. ಮೂರು ಮೂವತ್ತೆಂಟು. ಮೂರು ನಲವತ್ತೊಂಬತ್ತು. ನಾಲ್ಕು ಎರಡು.

“ಅಪ್ಪ, ಅವರು ನಮ್ಮನ್ನು ಊರಿಗೆ ಕಳಿಸ್ತಾರಾ?”

“ಮೊದಲು ಮಹಾ. ಆಮೇಲೆ ಊರು” ಎಂದರು ಅಪ್ಪ.

ನಾವು ತಲುಪಿದಾಗ ಅರ್ಬಾಬ್ ಎದ್ದು ಮಜ್ಲಿಸ್‌ನಲ್ಲಿ ಕುಳಿತಿದ್ದರು. ಅತಿಥಿಗಳನ್ನು ಕೂರಿಸುವ ಉದ್ದನೆಯ ತಂಪು ಕೋಣೆ ಅದು. ಗೋಡೆಯುದ್ದಕ್ಕೂ ದಿಂಬುಗಳು, ಊದಿನ ಹೊಗೆ. ಬಾಗಿಲ ಬಳಿ ಸಾಮಾನು ಕಟ್ಟಿಟ್ಟಿತ್ತು. ಎಲ್ಲದರ ಮೇಲೆ ಆ ಹಸಿರು ಕಬ್ಬಿಣದ ತೋಟೆ ಪೆಟ್ಟಿಗೆ. ಅಪ್ಪ ಮತ್ತು ಅರ್ಬಾಬ್ ಮಾತಾಡುತ್ತಿದ್ದದ್ದು ಅರಬ್ಬಿ, ಹಿಂದಿ ಕಲಸಿದ ಭಾಷೆ. ನಿಮಗಾಗಿ ಕನ್ನಡದಲ್ಲೇ ಹೇಳುತ್ತೇನೆ.

ಅಪ್ಪನನ್ನು ಅರ್ಬಾಬ್ ಸದೀಕ್, ಅಂದರೆ ಗೆಳೆಯ, ಎಂದು ಕರೆಯುತ್ತಿದ್ದರು. ಅಪ್ಪ ವಿಷಯ ಹೇಳಿ ಮುಗಿಸುವ ಮೊದಲೇ ಅವರು ನಕ್ಕರು. “ಸದೀಕ್, ಮಹಾ ಎಷ್ಟಿರುತ್ತದೆ ಅಂತ ನೀನು ನನಗೆ ಕಲಿಸುತ್ತೀಯಾ? ನಾನು ಅದರ ಮರಿಗಳಿಗೆ ಬಾಟಲಿ ಹಾಲು ಕುಡಿಸಿದವನು.”

ಅಪ್ಪ ಬ್ರೋಷರ್ ಮುಂದಿಟ್ಟರು. ಅರ್ಬಾಬ್ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ನಗು ನಿಂತಿತು. “ವಲ್ಲಾ! ಇದು ಮಹಾ ಅಲ್ಲ, ಇದರ ದೊಡ್ಡಪ್ಪ.”

“ಇದಕ್ಕೆ ದೊಡ್ಡ ರೈಫಲ್ ಬೇಕು, ಅರ್ಬಾಬ್. ಮುನ್ನೂರರ ಕ್ಯಾಲಿಬರಿನದ್ದು, ನೂರ ಎಂಬತ್ತು ಗ್ರೇನ್ ಗುಂಡು.”

“ಆ ಮುನ್ನೂರಾ? ಅದು ಕತ್ತೆಯಂತೆ ಒದೆಯುತ್ತದೆ. ಹೋದ ತಿಂಗಳು ಹಾರಿಸಿ ನೋಡಿ ಮೂರು ದಿನ ಈ ಕೈಯಲ್ಲಿ ಕಾಫಿ ಲೋಟ ಎತ್ತಲಾಗಲಿಲ್ಲ. ಬಿಡು. ಸಣ್ಣದರಲ್ಲೇ ಎರಡು ಮೂರು ಸಲ ಹೊಡೆದರಾಯಿತು.”

“ಲಾ, ಅರ್ಬಾಬ್” ಎಂದರು ಅಪ್ಪ.

ಲಾ ಎಂದರೆ ಇಲ್ಲ. ಅಪ್ಪ ಅವರಿಗೆ ಆ ಮಾತು ಹೇಳಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅರ್ಬಾಬ್ ಕೂಡ ಕೇಳಿರಲಿಲ್ಲವೆಂದು ಕಾಣುತ್ತದೆ. ಜಪಮಾಲೆಯ ಮಣಿ ಎಣಿಸುತ್ತಿದ್ದ ಅವರ ಹೆಬ್ಬೆರಳು ನಿಂತುಬಿಟ್ಟಿತು. ಕಾಫಿ ಹೂಜಿ ಹಿಡಿದು ಬಂದ ಕೆಲಸದವನು ಬಾಗಿಲಲ್ಲೇ ನಿಂತ.

“ದೊಡ್ಡದು ಬೇಡವಾದರೆ ಮಹಾವನ್ನೇ ಬಿಡಿ. ಗಜಾಲ್ ಮಾತ್ರ ಹೊಡೆಯಿರಿ” ಎಂದರು ಅಪ್ಪ. ಅಂಗಿಯ ಗುಂಡಿಗಳು ಇನ್ನೂ ಒಂದು ತೂತು ಮೇಲೆ ಕೆಳಗೆ ಇದ್ದವು. “ಮೂರು ಸಲ ಹೊಡೆಯುವುದು ಬೇಟೆ ಅಲ್ಲ. ಅದು ಓಡುತ್ತದೆ, ಅರ್ಬಾಬ್. ನೀವು ವಿಮಾನ ಹತ್ತಿ ಬರುತ್ತೀರಿ, ಅದು ಅಲ್ಲಿ ಇನ್ನೂ ಉಸಿರಾಡುತ್ತಾ ಇರುತ್ತದೆ.”

ಅರ್ಬಾಬ್ ಭುಜ ಒತ್ತಿಕೊಂಡರು. ಅವರ ಕಣ್ಣು ಅಪ್ಪನ ಅಂಗಿಯ ಮೇಲೆ ಹೋಗಿ, ಅಲ್ಲಿಂದ ನನ್ನ ಮೇಲೆ ಬಂತು.

“ಯಾ ಬಿಂತ್” ಎಂದರು. ಎಲೇ ಹುಡುಗಿ ಎಂದ ಹಾಗೆ. “ಕಾರ್ಡು ಬರೆದವಳು ನೀನಾ? ವಿಮಾನದವರು ಐದು ಕಿಲೋಗಿಂತ ಒಂದು ತೋಟೆ ಹೆಚ್ಚು ಬಿಡುವುದಿಲ್ಲ. ಮುನ್ನೂರರದ್ದು ಎಷ್ಟು ಹಿಡಿಯುತ್ತದೆ, ಹೇಳು ನೋಡೋಣ.”

ನೀಲಿ ಪುಸ್ತಕ ತೆರೆದೆ. ಪೆಟ್ಟಿಗೆಯ ತೂಕ ನಾಲ್ಕು ಸಾವಿರದ ಒಂಬೈನೂರು ಗ್ರಾಮ್ ಎಂದು ಮೊದಲೇ ಬರೆದಿಟ್ಟಿದ್ದೆ. ಅದರಲ್ಲಿ ಮಹಾಕ್ಕೆಂದು ಇಟ್ಟ ಸಣ್ಣ ತೋಟೆ ಎಂಬತ್ತು, ಒಂದೊಂದೂ ಗುಂಡು, ಮದ್ದು, ಕವಚ ಎಲ್ಲ ಸೇರಿ ಇಪ್ಪತ್ತೆರಡು ಗ್ರಾಮ್. ಅಷ್ಟನ್ನೂ ತೆಗೆದೆ. ದೊಡ್ಡ ತೋಟೆ ಒಂದಕ್ಕೆ ಮೂವತ್ತೆರಡು ಗ್ರಾಮ್. ಎರಡು ಸಲ ಗುಣಿಸಿ ನೋಡಿದೆ.

“ಐವತ್ತೆಂಟು” ಎಂದೆ. “ಆಮೇಲೆ ನಾಲ್ಕು ಗ್ರಾಮ್ ಉಳಿಯುತ್ತದೆ.”

“ನಾಲ್ಕು ಗ್ರಾಮ್!” ಅರ್ಬಾಬ್ ಅಪ್ಪನ ಕಡೆ ತಿರುಗಿದರು. “ನನ್ನ ಅಂಗಡಿಯ ಲೆಕ್ಕ ಬರೆಯುವವನು ನಾಲ್ಕು ಪೆಟ್ಟಿಗೆ ಮರೆಯುತ್ತಾನೆ. ಯಲ್ಲಾ, ಕಪಾಟಿನ ಬೀಗ ತೆಗೆಯಿರಿ.”

ದೊಡ್ಡ ರೈಫಲ್, ಅದರ ತೋಟೆಗಳು ಎರಡೂ ಅವರ ಮನೆಯಲ್ಲೇ ಇದ್ದವು. ಭುಜಕ್ಕೆ ಹೆದರಿ ಬಿಟ್ಟುಹೋಗುತ್ತಿದ್ದರು ಅಷ್ಟೆ. ಪೊಲೀಸರು ಕೊಟ್ಟ ಅನುಮತಿ ಕಾಗದದಲ್ಲಿ ಎರಡೂ ರೈಫಲ್‌ಗಳ ನಂಬರಿತ್ತು. ಅಪ್ಪ ತೋಟೆ ಬದಲಾಯಿಸಿ, ತೂಗಿ, ಪೆಟ್ಟಿಗೆ ಮುಚ್ಚಿದರು. ನಾನು ಹಳೆಯ ಕಾರ್ಡಿನಲ್ಲಿ ಎಪ್ಪತ್ತು ಎನ್ನುವುದರ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು ಇನ್ನೂರ ಇಪ್ಪತ್ತು ಎಂದು ಬರೆದೆ. ಅರ್ಬಾಬ್ ಅವರ ಕಾರು ಹೊರಟಾಗ ಐದೂ ಕಾಲು. ಹೊರಡುವ ಮೊದಲು ಬಾಗಿಲಲ್ಲಿ ಅವರು ಅಪ್ಪನಿಗೆ ಹೇಳಿದ್ದು ಇಷ್ಟೇ: “ಸದೀಕ್, ಅಂಗಿ ಸರಿಮಾಡಿಕೋ.”

ನಮ್ಮನ್ನು ಊರಿಗೆ ಕಳಿಸುತ್ತಾರೋ ಇಲ್ಲವೋ ಎಂದು ಅದರಿಂದ ತಿಳಿಯಲಿಲ್ಲ. ಮುಂದಿನ ಹದಿನಾರು ದಿನ ನಾನು ಸರಿಯಾಗಿ ಕೂತಲ್ಲಿ ಕೂರಲಿಲ್ಲ. ಕ್ರೇನ್ ಕಾಲಂನಲ್ಲಿ ಎರಡು ಶುಕ್ರವಾರ ಖಾಲಿ ಬಿದ್ದಿವೆ. ಫೋನ್ ರಿಂಗಾದಾಗಲೆಲ್ಲ ಅಮ್ಮನ ಮುಖ ನೋಡುತ್ತಿದ್ದೆ. ಆ ಪ್ರಾಣಿ ನನ್ನ ಕನಸಿನಲ್ಲಿ ಬರುತ್ತಿತ್ತು. ಕೆಲವು ಸಲ ಓಡುತ್ತಿತ್ತು, ಕೆಲವು ಸಲ ಸುಮ್ಮನೆ ನಿಂತು ನನ್ನನ್ನು ನೋಡುತ್ತಿತ್ತು.

ಹದಿನೇಳನೆಯ ದಿನ ಅಪ್ಪ ಅಂಗಡಿಯಿಂದ ಬಂದವರೇ ಚಪ್ಪಲಿಯನ್ನೂ ಬಿಡದೆ ನನ್ನ ಪುಸ್ತಕ ಕೇಳಿದರು. ಹಸಿರು ಪೆಟ್ಟಿಗೆ ವಾಪಸ್ ಬಂದಿತ್ತು. ದೊಡ್ಡ ತೋಟೆಗಳನ್ನು ಅಪ್ಪ ಎಣಿಸಿದ್ದರು. ಐವತ್ತೆಂಟು ಹೋಗಿದ್ದವು, ಐವತ್ತಾರು ಬಂದಿದ್ದವು.

“ಒಂದು ಕಾಗದದ ಗುರಿಗೆ ಅಂತೆ, ಕೋವಿ ಸರಿ ಉಂಟಾ ಅಂತ ನೋಡ್ಲಿಕ್ಕೆ” ಎಂದರು. “ಇನ್ನೊಂದು ಮಹಾಕ್ಕೆ. ಓಡಿತಾ ಅಂತ ಕೇಳಿದೆ. ಮಾಫಿ, ಇಲ್ಲ ಅಂದ್ರು. ಓಡ್ಲೇ ಇಲ್ಲವಂತೆ.”

ಆಮೇಲೆ ನನ್ನ ಪೆನ್ಸಿಲ್ ತೆಗೆದುಕೊಂಡು ಅವರೇ ಬರೆದರು: 58 - 56 = 2. ಆ ಪುಸ್ತಕದಲ್ಲಿ ಅಪ್ಪನ ಅಕ್ಷರ ಇರುವುದು ಅದೊಂದೇ ಸಾಲಿನಲ್ಲಿ. ಬರೆದು ಎದ್ದು ಹೋಗಿ ನೀರು ಕುಡಿದರು. ನಾವು ಊರಿಗೆ ಹೋಗಲಿಲ್ಲ. ಮುಂದಿನ ವರ್ಷವೂ ಕಾರ್ಡು ಬರೆಯಲು ಅರ್ಬಾಬ್ ನನಗೇ ಹೇಳಿ ಕಳಿಸಿದರು, ಮತ್ತೆ ಖರ್ಜೂರದ ಜೊತೆ. ಆ ಸಲ ಮೂವತ್ತೊಂಬತ್ತು.

ಮಕ್ಕಳೇ, ನಿಮ್ಮ ಕಾಲ ಬೇರೆ. ಆಫ್ರಿಕಾದ ಮಹಾ ಎಷ್ಟು ಭಾರ ಎಂದು ಕೇಳಿದರೆ ನಿಮ್ಮ ಕೈಯಲ್ಲಿರುವುದು ನಾನು ಬಾಯಿ ಮುಚ್ಚುವ ಮೊದಲೇ ಹೇಳುತ್ತದೆ. ಮಲಗಿರುವ ಅಪ್ಪನ ಬಾಗಿಲಿಗೆ ಒಂಬತ್ತು ಸಲ ಹೋಗಿ ಬರುವ ಕಷ್ಟ ನಿಮಗಿಲ್ಲ. ನಾನು ಎಣಿಸುತ್ತಿದ್ದ ಕ್ರೇನ್‌ಗಳ ಜಾಗದಲ್ಲಿ ನಿಂತ ಕಟ್ಟಡಗಳನ್ನು ಈಗ ನೀವು ಹಳೆಯ ಕಟ್ಟಡ ಎನ್ನುತ್ತೀರಿ.

ಆದರೆ ಮೊನ್ನೆ ಈ ಕಥೆ ಹೇಳಿದಾಗ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಕೇಳಿದಳು: “ಅಜ್ಜಿ, ಅದನ್ನು ಹೊಡೀಲೇಬೇಕಿತ್ತಾ?”

ಆ ದಿನ ಆ ಪ್ರಶ್ನೆಯನ್ನು ಅಕ್ಕ ಕೇಳಲಿಲ್ಲ, ಅರ್ಬಾಬ್ ಕೇಳಲಿಲ್ಲ, ಎಲ್ಲವನ್ನೂ ಎಣಿಸುತ್ತಿದ್ದ ನಾನೂ ಕೇಳಲಿಲ್ಲ. ಅಪ್ಪ ಒಬ್ಬರು ಅದರ ಹತ್ತಿರ ಹತ್ತಿರ ಹೋಗಿ ನಿಂತಿದ್ದರು. ನನ್ನ ಲೆಕ್ಕ ಸರಿಯಾದದ್ದರಿಂದ ಅದು ನರಳಲಿಲ್ಲ. ನನ್ನ ಲೆಕ್ಕ ಸರಿಯಾದದ್ದರಿಂದಲೇ ಅದು ಬಿತ್ತು. ಇಷ್ಟು ವರ್ಷವಾದರೂ ಇವೆರಡನ್ನು ಕೂಡಿಸುವುದೋ ಕಳೆಯುವುದೋ ನನಗೆ ತಿಳಿದಿಲ್ಲ.

ನೀಲಿ ಪುಸ್ತಕ ತಂದು ಅವಳಿಗೆ ತೋರಿಸಿದೆ. ಆ ಪ್ರಶ್ನೆಗೆ ಅದರಲ್ಲಿ ಕಾಲಂ ಇಲ್ಲ ಎಂದೆ. ಅವಳು ಸ್ಕೇಲ್ ಕೇಳಿದಳು. ಅಪ್ಪನ ಸಾಲಿನ ಪಕ್ಕದಲ್ಲೇ, ಸ್ವಲ್ಪ ಸೊಟ್ಟಗೆ, ಒಂದು ಗೆರೆ ಎಳೆದಳು.